ಮಿರ್ಚಿ ಇಲ್ಲದ ಒಗ್ಗರಣೆ

ಅವರು ತೀರಿಕೊಂಡ ಮೇಲೆ ಊರವರೆಲ್ಲ ದೇವರಂಥ ಮನುಷ್ಯ ಅಂದರು. ನಾನೂ ಹೂಂ ಅಂದೆ. ದೇವರಿಗೂ ಮುಂದಾಗುವುದೆಲ್ಲ ಮೊದಲೇ ಗೊತ್ತಿರುತ್ತದಂತೆ. ಆದರೂ ಎದುರಿಗೆ ಕೈಮುಗಿದು ಕಾಯುವವರ ಮುಂದೆ ಏನೂ ಗೊತ್ತಿಲ್ಲದವನ ಹಾಗೆ ಸುಮ್ಮನೆ ಕೂತಿರುತ್ತಾನೆ. ಆ ಲೆಕ್ಕಕ್ಕೆ ಅವರು ದೇವರಂಥವರೇ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನನಗೆ ಇನ್ನೂ ಹೋಗಿಲ್ಲ, ಏನು ಮಾಡಲಿ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ವೈನಿಗೆ, ಅಂದರೆ ಅವರ ಹೆಂಡತಿಗೆ, ನೋವಾಗುತ್ತದೆ. ಗಂಗಾವತಿಯ ಹೈಸ್ಕೂಲೊಂದರಲ್ಲಿ ಅವರು ಡ್ರಾಯಿಂಗ್ ಮಾಸ್ತರರಾಗಿದ್ದರು, ನಾನು ಅಲ್ಲೇ ವಿಜ್ಞಾನ ಕಲಿಸುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ಹಾಗಾಗಿ ನನಗೆ ಅವರು ಬರೀ 'ಸರ್'. ಅವರಿಗೆ ನಾನು 'ವಿಜ್ಞಾನಿಗಳು'. "ಏನ್ರೀ ವಿಜ್ಞಾನಿಗಳ, ಉಂಡ್ರೇನು?" ಎಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದರೆಂದರೆ ಅವರಿಗೆ ಮಾತಾಡುವ ಉಮೇದು ಬಂದಿದೆ ಎಂದು ಅರ್ಥ. ತೋಳು ಮಡಚಿದ ಬಿಳಿ ಅಂಗಿ, ಬೆರಳ ಸಂದಿಯಲ್ಲಿ ಯಾವಾಗಲೂ ಬಣ್ಣದ ಸೀಮೆಸುಣ್ಣದ ಪುಡಿ. ನಗುವಾಗ ಆ ಕೈಯನ್ನೇ ಬಾಯಿಗೆ ಅಡ್ಡ ಹಿಡಿಯುತ್ತಿದ್ದರು, ಮೀಸೆಗೆಲ್ಲ ಹಸಿರು ಹಳದಿ ಮೆತ್ತಿರುತ್ತಿತ್ತು.

ವರ್ಷಕ್ಕೊಮ್ಮೆ ಹುಡುಗರನ್ನು ಆನೆಗೊಂದಿಗೆ ಕರೆದುಕೊಂಡು ಹೋಗಿ ಹೊಳೆದಂಡೆಯಲ್ಲಿ ಕೂರಿಸುತ್ತಿದ್ದರು. ಹುಡುಗರು ಎದುರಿನ ಗುಡ್ಡದ ಕಲ್ಲುಗಳನ್ನು ಒಂದೊಂದಾಗಿ ಬರೆಯಲು ಶುರುಮಾಡಿದರೆ ಗದರುತ್ತಿದ್ದರು. "ಕಲ್ಲು ಎಲ್ಲಾರಿಗೂ ಕಾಣತಾವು. ಕಲ್ಲಿನ ನಡುವಿನ ಖಾಲಿ ಜಾಗ ನೋಡ್ರಿ. ಅದನ್ನ ಬರದ್ರ ಕಲ್ಲು ತಾನ ಬರತೈತಿ." ಒಮ್ಮೆ ಜೊತೆಗೆ ಹೋಗಿದ್ದ ನಾನೂ ಪ್ರಯತ್ನಿಸಿದೆ. ನನ್ನ ಹಾಳೆಯಲ್ಲಿ ಕಲ್ಲೂ ಬರಲಿಲ್ಲ, ಖಾಲಿ ಜಾಗವೂ ಉಳಿಯಲಿಲ್ಲ. ಅವರು ಹಾಳೆ ತಿರುಗಿಸಿ ನೋಡಿ, "ಇದು ಭತ್ತದ ರಾಶಿ ಆಗೇತ್ರಿ" ಎಂದು ನಕ್ಕರು.

ನನಗೆ ಫುಟ್ಬಾಲ್ ಹಿಡಿಸಿದವರೂ ಅವರೇ, ಅದೇ ಮಾತಿನಿಂದ. "ಚೆಂಡು ನೋಡಬ್ಯಾಡ್ರಿ. ಚೆಂಡು ಇಲ್ಲದ ಕಡೆ ಯಾರು ಓಡಾಕತ್ತಾನ, ಅವನ್ನ ನೋಡ್ರಿ." ನಮ್ಮ ಕಡೆ ಹುಡುಗರು ಆಡುವುದು ಕ್ರಿಕೆಟ್ಟು, ಕಬಡ್ಡಿ, ವಾಲಿಬಾಲು. ಇಂಗ್ಲೆಂಡಿನ ಯಾವುದೋ ಊರಿನ ಫುಟ್ಬಾಲ್ ಟೀಮು ಗೆದ್ದರೆಷ್ಟು, ಬಿಟ್ಟರೆಷ್ಟು? ಆದರೂ ಅವರು ಹುಚ್ಚು ಹಚ್ಚಿದ್ದು ಮೂವರಿಗೆ: ನನಗೆ, ಬೀಜ-ಗೊಬ್ಬರದ ಅಂಗಡಿಯ ಸಾವುಕಾರರಿಗೆ ಮತ್ತು ಕುಷ್ಟಗಿ ಬಸ್ಸಿನ ಕಂಡಕ್ಟರ್‌ಗೆ. ನಾಲ್ಕು ಜನರ ನಮ್ಮ ಗುಂಪು ಆ ಟೀಮಿನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಳೇ ಕಾಲದ ಹೆಂಗಸರು ಗಂಡನ ಹೆಸರು ಹೇಳದ ಹಾಗೆ, ನಮಗೆ ಅದು 'ನಮ್ಮವರು' ಅಷ್ಟೇ. ಹೆಸರು ಹೇಳಿದರೆ ದೃಷ್ಟಿ ತಾಗುತ್ತದೆ ಎಂದು ನಿಯಮ ಮಾಡಿದವರು ಸರ್. ನಾನು ಈಗಲೂ ಹೇಳುವುದಿಲ್ಲ, ನೋಡಿ.

ಅವರು ಮಾಡಿದ ಇನ್ನೊಂದು ನಿಯಮವೇ ಈ ಕಥೆಯ ಮೂಲ. ನಮ್ಮವರ ಆಟ ಹೆಚ್ಚಾಗಿ ಶನಿವಾರ ರಾತ್ರಿ ಇರುತ್ತಿತ್ತು. ಆ ಹೊತ್ತಿಗೆ ಸಾವುಕಾರರ ಅಂಗಡಿ ತೆರೆದಿರುತ್ತಿತ್ತು, ಕಂಡಕ್ಟರ್ ಡ್ಯೂಟಿಯ ಮೇಲಿರುತ್ತಿದ್ದ. ನಾಲ್ವರೂ ಸೇರಲು ಆಗುತ್ತಿದ್ದುದು ರವಿವಾರ ಸಂಜೆ ಮಾತ್ರ. ಹಾಗಾಗಿ ಸರ್ ಆಟವನ್ನು ತಮ್ಮ ಮನೆಯ ಟೀವಿ ಪೆಟ್ಟಿಗೆಯಲ್ಲಿ ರೆಕಾರ್ಡ್ ಹಾಕಿ ಇಡುತ್ತಿದ್ದರು. ಮರುದಿನ ಸಂಜೆ ಅವರ ಪಡಸಾಲೆಯಲ್ಲಿ ಕೂತು ನೋಡುವುದು. ಅಲ್ಲಿಯವರೆಗೆ ಯಾರೂ ಫೋನಿನಲ್ಲಿ ಸ್ಕೋರು ನೋಡಕೂಡದು, ಯಾರನ್ನೂ ಕೇಳಕೂಡದು. ಇದಕ್ಕೆ ಅವರಿಟ್ಟ ಹೆಸರು ಉಪವಾಸ. "ಗೊತ್ತಿಲ್ಲದ ಕಾಯೂದರಾಗ ಐತ್ರಿ ಆಟದ ರುಚಿ. ಒಬ್ಬ ಮುರದ್ರ ನಾಲ್ವರದೂ ಕೆಡತೈತಿ" ಎಂದು ನಮ್ಮಿಂದ ಮಾತು ತೆಗೆದುಕೊಂಡಿದ್ದರು.

ಕ್ರಿಕೆಟ್ ಆಗಿದ್ದರೆ ಈ ಉಪವಾಸ ಸಾಧ್ಯವೇ ಇರಲಿಲ್ಲ, ಕ್ಷೌರದಂಗಡಿಯಿಂದ ಹಿಡಿದು ಹಾಲು ತರುವವನವರೆಗೆ ಎಲ್ಲರೂ ಸ್ಕೋರು ಹೇಳುತ್ತಾರೆ. ಫುಟ್ಬಾಲ್ ಸ್ಕೋರನ್ನು ಗಂಗಾವತಿಯಲ್ಲಿ ಕೇಳಿದರೂ ಹೇಳುವವರಿಲ್ಲ. ಕಳ್ಳ ಒಬ್ಬನೇ, ನಮ್ಮ ಜೇಬಿನಲ್ಲಿದ್ದ ಫೋನು. ನಾನು ಅದನ್ನು ಶನಿವಾರ ಸಂಜೆಯೇ ಹೆಂಡತಿಯ ಕೈಗೆ ಕೊಟ್ಟುಬಿಡುತ್ತಿದ್ದೆ. ಒಂದು ರವಿವಾರ ಹೊಸಪೇಟೆಯಿಂದ ಬಂದಿದ್ದ ಭಾವಮೈದುನ, "ಮಾಮಾ, ನಿನ್ನಿ ಮ್ಯಾಚ್..." ಎಂದು ಬಾಯಿ ತೆರೆದದ್ದೇ ತಡ, ಊಟದ ಎಲೆ ಬಿಟ್ಟು ಎದ್ದು ಹಿತ್ತಲಿಗೆ ಓಡಿದ್ದೆ. ನನ್ನವಳು, "ಲಗ್ನ ಆದಾಗಿಂದ ನನ್ನ ಒಂದು ಮಾತು ಇಷ್ಟು ನಿಷ್ಠಿಯಿಂದ ನಡಸಿಲ್ಲ" ಎಂದು ತಂಗಿಗೆ ಫೋನ್ ಮಾಡಿ ಆಡಿಕೊಂಡಳು. ಆಡಿಕೊಳ್ಳಲಿ. ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಅವರೊಬ್ಬರನ್ನು ನಂಬಿದ್ದೆ. ನಾಲ್ಕು ಜನ ಒಂದೇ ಚಾಪೆಯ ಮೇಲೆ, ಒಂದೇ ಅಜ್ಞಾನದಲ್ಲಿ, ಒಂದೇ ಕ್ಷಣಕ್ಕೆ ಹೌಹಾರುವುದಿದೆಯಲ್ಲ, ಅಂಥ ಸಮಾನತೆ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ನಮ್ಮವರು ಕಪ್ ಗೆದ್ದ ಆ ವರ್ಷವನ್ನು ನೆನೆದರೆ ಮೊದಲು ಮೂಗಿಗೆ ಬರುವುದು ಮಿರ್ಚಿಯ ವಾಸನೆ. ನಮ್ಮ ಕಡೆ ಸಂಜೆಗೆ ಮಂಡಕ್ಕಿ ಒಗ್ಗರಣೆ, ಪಕ್ಕಕ್ಕೆ ಬಿಸಿ ಮಿರ್ಚಿ. ವೈನಿಯ ಮಿರ್ಚಿ ಎಂದರೆ ಹೊಟ್ಟೆ ಸೀಳಿ ಜೀರಿಗೆ-ಉಪ್ಪು ತುಂಬಿದ್ದು, ಕಡಲೆಹಿಟ್ಟಿನ ಅಂಗಿ ತೆಳ್ಳಗೆ. ವಾರ ವಾರ ತಾಟು ತುಂಬಿ ಬರುತ್ತಿತ್ತು. ಅಪರೂಪಕ್ಕೊಂದು ವಾರ ತಲೆಗೊಂದೇ ಮಿರ್ಚಿ ಬಂದರೆ ಆಟ ಸಮ ಆಗಿರುತ್ತಿತ್ತು. ಒಂದೆರಡು ಸಲ ಬರೀ ಒಗ್ಗರಣೆ ಬಂದಿತ್ತು, ಆಗ ಸೋತಿದ್ದೆವು. ಇದನ್ನು ಮೊದಲು ಗಮನಿಸಿದವನು ಕಂಡಕ್ಟರ್. "ವೈನಿ ಮಿರ್ಚಿ ಕರದ್ರ ನಮ್ಮವರು ಗೆಲ್ತಾರ್ರಿ. ಬೇಕಾರ ತಾಳಿ ನೋಡ್ರಿ" ಎಂದ. ತಾಳೆ ನೋಡಿದೆವು, ಹೌದು. ಅಲ್ಲಿಂದ ಮುಂದೆ ಅಡುಗೆಮನೆಯಿಂದ ಎಣ್ಣೆಯ ಸಪ್ಪಳ ಕೇಳಿದರೆ ನಮಗೆ ಅರ್ಧ ಗೆದ್ದಂತೆ. ವಿಜ್ಞಾನದ ಮಾಸ್ತರನಾದ ನಾನು ಕೂಡ ವೈನಿಯ ಬಾಣಲೆಗೂ ಸಾವಿರಾರು ಮೈಲಿ ದೂರದ ಗೋಲಿಗೂ ಸಂಬಂಧ ಕಲ್ಪಿಸಿಕೊಂಡು ಕೂತಿದ್ದೆ. ಸರ್ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಅವರು ಕೂರುತ್ತಿದ್ದುದು ನಮ್ಮ ಜೊತೆ ಚಾಪೆಯ ಮೇಲಲ್ಲ. ಟೀವಿಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ನಮ್ಮ ಕಡೆ ಮುಖ ಮಾಡಿ. "ಕುತಿಗಿ ನೋವ್ರಿ, ಹಿಂಗ ಕುಂತ್ರ ಆರಾಮ" ಅನ್ನುತ್ತಿದ್ದರು. ಆಗಾಗ ಕುತ್ತಿಗೆ ಹೊರಳಿಸಿ ಪರದೆ ನೋಡುವರು, ಮತ್ತೆ ನಮ್ಮ ಕಡೆ ತಿರುಗುವರು. ಗೋಲು ಆಗುವ ಸ್ವಲ್ಪ ಮೊದಲು ಒಂದು ಬೆರಳು ಮೇಲೆ ಬರುತ್ತಿತ್ತು. "ಈಗ ಎಡಕ ನೋಡ್ರಿ." ಎಡಕ್ಕೆ ನೋಡಿದರೆ ಯಾರೋ ಖಾಲಿ ಜಾಗಕ್ಕೆ ಓಡಿ ಬರುತ್ತಿರುತ್ತಿದ್ದ, ಗೋಲು ಆಗುತ್ತಿತ್ತು. ನಾವು ಚಾಪೆಯಿಂದ ಹಾರಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ಅವರು ಹಾರುತ್ತಿರಲಿಲ್ಲ, ಕೂಗುತ್ತಲೂ ಇರಲಿಲ್ಲ. ಕಣ್ಣು ಅರಳಿಸಿಕೊಂಡು ನಮ್ಮ ಮೂವರ ಮುಖವನ್ನೇ ನೋಡುತ್ತ ಕೂತಿರುತ್ತಿದ್ದರು. ಎಂಥ ಸ್ಥಿತಪ್ರಜ್ಞ, ಎಂಥ ಜ್ಞಾನ ಎಂದು ನಾವು ದಂಗಾಗುತ್ತಿದ್ದೆವು. ಅವರಿಗೆ ಆಟ ಅರ್ಥವಾದ ಹಾಗೆ ಕೋಚಿಗೂ ಅರ್ಥವಾಗಿಲ್ಲ ಎಂದು ಸಾವುಕಾರರು ಅಂಗಡಿಗೆ ಬಂದ ರೈತರಿಗೆಲ್ಲ ಹೇಳಿಕೊಂಡು ತಿರುಗಿದರು.

ಇನ್ನೊಂದು ಮಾತನ್ನು ಪ್ರತಿ ವಾರ ಹೇಳುತ್ತಿದ್ದರು. ಮೂರು ಗೋಲಿನಿಂದ ಗೆಲ್ಲುತ್ತಿದ್ದರೂ ಸರಿ, ಸೋಲುತ್ತಿದ್ದರೂ ಸರಿ, ಯಾರಾದರೂ ಎದ್ದು ಚಪ್ಪಲಿ ಹುಡುಕಿದರೆ ಸಾಕು: "ಸೀಟಿ ಊದೂತನಕ ಕೂಡ್ರಿ. ನಡುವ ಎದ್ದು ಹೋಗೂದು ಆಟಕ್ಕ ಅವಮಾನ."

ಕಪ್ ಗೆದ್ದ ಸಂಜೆ ನಾನು ಅತ್ತುಬಿಟ್ಟೆ. ಹೌದು, ಯಾವತ್ತೂ ನೋಡದ ಊರಿನ ಟೀಮಿಗಾಗಿ ಅವರ ಹೆಗಲ ಮೇಲೆ ತಲೆಯಿಟ್ಟು ಚಿಕ್ಕ ಹುಡುಗನ ಹಾಗೆ ಅತ್ತೆ. ಅವರು ಬೆನ್ನು ತಟ್ಟುತ್ತ, "ಆತ ಬಿಡ್ರಿ, ಆತ ಬಿಡ್ರಿ, ಗೆದ್ವಿ" ಎಂದರು. ಆ ಸಂಜೆ ಅಕ್ಕಿ ಗಿರಣಿಯ ಹೊಟ್ಟಿನ ಧೂಳು ತುಂಬಿದ ರಸ್ತೆಯಲ್ಲಿ ಮನೆಗೆ ನಡೆದು ಹೋಗುವಾಗ, ಗಂಗಾವತಿಗೆ ವರ್ಗವಾಗಿ ಬಂದದ್ದು ಸಾರ್ಥಕ ಅನ್ನಿಸಿತ್ತು.

ಮುಂದಿನ ಸೀಸನ್ನು ಶುರುವಾಯಿತು. ಹೋದ ವರ್ಷ ಕಪ್ ಎತ್ತಿದ ನಮ್ಮವರು ಈ ವರ್ಷ ಕಾಲು ಎತ್ತಲಾರದವರ ಹಾಗೆ ಆಡತೊಡಗಿದರು. ಮೊದಲ ವಾರ ಹೇಗೋ ಸಮ. ಆಮೇಲೆ ಒಂದು ಸೋಲು, ಅದರ ಹಿಂದೆ ಇನ್ನೊಂದು. ನಮ್ಮ ಚಾಪೆಯ ಮೇಲೆ ಆಟಕ್ಕಿಂತ ವಾದವೇ ದೊಡ್ಡದಾಯಿತು.

"ಆ ಕೋಚನ್ನ ಮೊದ್ಲ ಇಳಿಸ್ರಿ" ಎಂದ ಕಂಡಕ್ಟರ್. "ಕಪ್ ಗೆದ್ದ ಮ್ಯಾಲ ಮೈ ಬಂದೈತಿ ಅವಗ. ಹಳೇ ಗೋಲ್ ಹೊಡಿಯಾವನ್ನ ಮಾರಿ ಹೊಸಾ ಹುಡುಗನ್ನ ತಂದಾನ. ಅವಗ ಇನ್ನೂ ಯಾವ ಸ್ಟಾಪಿನಾಗ ಇಳೀಬೇಕು ಗೊತ್ತಿಲ್ಲ."

"ಅವಸರ ಯಾಕ ಮಾಡ್ತೀಯೋ ಮಾರಾಯ?" ಎಂದರು ಸಾವುಕಾರರು. ಅವರಿಗೆ ಎಲ್ಲವೂ ಭತ್ತ. "ಸಸಿ ಹಚ್ಚಿದ ಮ್ಯಾಲ ಎಂಟು ದಿನ ಹಳದಿ ಆಗೇ ಆಕ್ಕಾವು. ಬೇರು ಹಿಡೀಲಿ. ಹಳದಿ ಆತಂತ ಗದ್ದಿಗೆ ಎತ್ತು ಹೊಡಿತಾರೇನು?"

"ಬೇರು ಹಿಡಿಯೂದರಾಗ ಬೆಳಿ ಹೊಕ್ಕೈತ್ರಿ ಸಾವುಕಾರ್ರ!"

"ಅಲ್ರೀ ಸರ್, ನೀವ ಹೇಳ್ರಿ" ಎಂದು ನಾನು ಅವರ ಕಡೆ ತಿರುಗಿದೆ. "ತಪ್ಪು ಎಲ್ಲೈತಿ?"

ಸರ್ ಬೆರಳ ಸಂದಿಯ ಬಣ್ಣ ಉಜ್ಜಿಕೊಳ್ಳುತ್ತ, "ಗೆದ್ದಾವರಿಗೆ ಒಂದು ಕಷ್ಟ ಇರತೈತ್ರಿ. ಮುಂದ ಏನಾಕ್ಕೈತಿ ಅಂತ ತಮಗ ಗೊತ್ತೈತಿ ಅಂದ್ಕೊಂಡು ಆಡ್ತಾರ" ಎಂದರು. ದೊಡ್ಡ ಮಾತು ಅಂತ ನಾವು ತಲೆದೂಗಿದೆವು. ಈಗ ನೆನೆದರೆ ಮೈ ಉರಿಯುತ್ತದೆ.

ನನ್ನ ವಾದ ಬೇರೆ ಇತ್ತು, ಅದನ್ನು ಎಲ್ಲರೆದುರು ಆಡಿಯೂ ಬಿಟ್ಟೆ. ಸೋತ ಎರಡೂ ವಾರ ವೈನಿ ಮಿರ್ಚಿ ಮಾಡಿರಲಿಲ್ಲ. ಕೋಚಿನ ತಪ್ಪಲ್ಲ, ಹೊಸ ಹುಡುಗನ ತಪ್ಪೂ ಅಲ್ಲ, ತಪ್ಪು ಅಡುಗೆಮನೆಯದು. ಸಾವುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸರ್ ನಗಲಿಲ್ಲ. "ಆಕಿಗೆ ಮೊಣಕಾಲ ನೋವ್ರಿ, ಎಣ್ಣಿ ಮುಂದ ನಿಂದ್ರಾಕ ಆಗವಲ್ದು" ಎಂದು ಮಾತು ತೇಲಿಸಿದರು. ನಾನು ಮನಸ್ಸಿನಲ್ಲೇ ನಿರ್ಧಾರ ಮಾಡಿದೆ. ವೈನಿಗೆ ಆಗದಿದ್ದರೆ ಬಜಾರಿನಿಂದ ತಂದರಾಯಿತು.

ಮುಂದಿನ ರವಿವಾರ ಬಸ್‌ಸ್ಟ್ಯಾಂಡ್ ಹತ್ತಿರದ ಗಾಡಿಯಲ್ಲಿ ನಿಂತು, ಕಣ್ಣೆದುರೇ ಕರಿಸಿ, ಪೇಪರಿನಲ್ಲಿ ಕಟ್ಟಿಸಿಕೊಂಡು ಬಿಸಿಬಿಸಿ ಮಿರ್ಚಿ ಹಿಡಿದು ಅವರ ಮನೆಗೆ ಹೋದೆ. ಸಾವುಕಾರರೂ ಕಂಡಕ್ಟರೂ ಆಗಲೇ ಬಂದು ಕೂತಿದ್ದರು. ಸರ್ ರಿಮೋಟ್ ಹಿಡಿದಿದ್ದರು, ಆಟ ಇನ್ನೂ ಹಚ್ಚಿರಲಿಲ್ಲ. ಒಗ್ಗರಣೆಯ ತಾಟು ಹಿಡಿದು ಒಳಗಿನಿಂದ ಬಂದ ವೈನಿ ನನ್ನ ಕೈಯಲ್ಲಿದ್ದ ಪೊಟ್ಟಣ ನೋಡಿದರು.

"ಅಯ್ಯ, ಮಿರ್ಚಿ ಯಾಕ ತಂದ್ರಿ? ಸೋತಾರಂತಲ್ರೀ!"

ವೈನಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, "ಮುಂಜಾನಿ ಇವ್ರ ಹೇಳಿದ್ರು, ಬರೇ ಒಗ್ಗರಣಿ ಸಾಕು ಅಂತ..." ಎಂದು ಅರ್ಧಕ್ಕೇ ನಿಂತರು. ಪಾಪ, ಅವರಿಗೇನು ಗೊತ್ತು. ಎಲ್ಲರೂ ನೋಡಿಯೇ ಬಂದಿರುತ್ತಾರೆ, ಮತ್ತೊಮ್ಮೆ ಕೂಡಿ ನೋಡುತ್ತಾರೆ ಎಂದು ಅಷ್ಟು ದಿನವೂ ತಿಳಿದಿದ್ದರಂತೆ.

ಸರ್ ಟೀವಿಯ ಕಡೆ ತಿರುಗಿ, "ಆಕಿ ಹ್ವಾದ ವಾರದ್ದು ಹೇಳಾಕತ್ತಾಳ. ಕೂಡ್ರಿ, ಕೂಡ್ರಿ" ಎಂದು ಆಟ ಹಚ್ಚಿದರು.

ನಾವು ಕೂತೆವು. ಹೋದ ವಾರದ್ದೇ ಇರಬಹುದಲ್ಲ? ಇರಲಿ ಎಂದು ಎಷ್ಟು ಬೇಡಿಕೊಂಡೆನೋ ನನಗೇ ಗೊತ್ತು. ಅವತ್ತು ನಾನು ನಮ್ಮವರು ಗೆಲ್ಲಲೆಂದು ಬೇಡಿದ್ದು ಪಾಯಿಂಟಿಗಾಗಿ ಅಲ್ಲ. ಅವರು ಗೆದ್ದರೆ ವೈನಿಯ ಮಾತು ಹೋದ ವಾರದ್ದಾಗುತ್ತದೆ, ಸರ್ ಉಳಿಯುತ್ತಾರೆ. ಹಾಫ್ ಟೈಮಿಗೆ ನಮ್ಮವರದು ಒಂದು ಗೋಲು ಮುಂದೆ! ನಾನು ಮಿರ್ಚಿಯ ಪೊಟ್ಟಣ ಬಿಚ್ಚಿ ನಡುವೆ ಇಟ್ಟೆ. "ತಗೋರಿ ಸರ್." ಅವರು ಒಂದು ಮಿರ್ಚಿ ಕೈಗೆತ್ತಿಕೊಂಡು ಹಾಗೆಯೇ ಹಿಡಿದುಕೊಂಡು ಕೂತರು. ಅವತ್ತು ಅವರು ಒಂದು ಸಲವೂ ನಮ್ಮ ಮುಖ ನೋಡಲಿಲ್ಲ. ಕುತ್ತಿಗೆ ನೋವು ಎಲ್ಲಿ ಹೋಗಿತ್ತೋ, ಪೂರ್ತಿ ಹೊರಳಿ ಪರದೆಯನ್ನೇ ನೋಡುತ್ತಿದ್ದರು. ಬೆರಳು ಮೇಲೆ ಬರಲೇ ಇಲ್ಲ.

ಎರಡನೇ ಅರ್ಧದಲ್ಲಿ ಎದುರಿನವರು ಒಂದು ಹಾಕಿದರು. ಇನ್ನೇನು ಸಮದಲ್ಲಿ ಮುಗಿಯಿತು ಅನ್ನುವಾಗ ಕಾರ್ನರಿನಿಂದ ಬಂದ ಚೆಂಡನ್ನು ನಮ್ಮ ಗೋಲ್ ಕೀಪರ್ ಕೈಚೆಲ್ಲಿದ. ಎರಡು-ಒಂದು. ಸೋತೆವು. ಸೀಟಿ ಊದುವ ತನಕ ಯಾರೂ ಏಳಲಿಲ್ಲ.

"ಗೋಲ್ ಕೀಪರ್‌ದ ತಪ್ಪು ನೋಡ್ರಿ ಇದು..." ಎಂದು ಸಾವುಕಾರರು ಸುಮ್ಮನೆ ಶುರುಮಾಡಿದರು. ವಾದಕ್ಕೆ ಯಾರೂ ಬರಲಿಲ್ಲ. ಕಂಡಕ್ಟರ್ ಎದ್ದು, "ನಾಳಿ ಫಸ್ಟ್ ಟ್ರಿಪ್ ಐತ್ರಿ" ಎಂದು ಹೊರಟ. ಅವನ ಹಿಂದೆಯೇ ಸಾವುಕಾರರು. ಪೊಟ್ಟಣದಲ್ಲಿ ಮಿರ್ಚಿ ಆರಿ ಮೆತ್ತಗಾಗಿ ಎಣ್ಣೆ ಬಿಟ್ಟಿತ್ತು.

ನಾನು ಅಂಗಳದಲ್ಲಿ ಚಪ್ಪಲಿ ಮೆಟ್ಟುವಾಗ ಸರ್ ಗೇಟಿನವರೆಗೆ ಬಂದರು.

"ಯಾವಾಗಿಂದ ಸರ್?" ಎಂದೆ.

"ಮೊದಲಿಂದ್ರಿ."

"ಕಪ್ ಗೆದ್ದ ದಿನಾನೂ?"

ಅವರು ತಲೆ ತಗ್ಗಿಸಿದರು. "ಮುಂಜಾನಿ ಎದ್ದ ಕೂಡ್ಲೆ ನೋಡೇಬಿಡ್ತೀನ್ರಿ. ನೋಡದಿದ್ರ ಚಾ ಗಂಟಲದಾಗ ಇಳಿಯಂಗಿಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅವರ ಹೆಗಲ ಮೇಲೆ ನಾನು ಸುರಿಸಿದ ಕಣ್ಣೀರಿಗಾಗಿ ಅವರು ಬೆಳಿಗ್ಗೆಯಿಂದ ಕಾದು ಕೂತಿದ್ದರು! ಗೇಟಿನ ಚಿಲಕ ಹಿಡಿದುಕೊಂಡೇ ಅವರು ಒಂದು ಸಂಗತಿ ಹೇಳಿದರು.

ಗದಗಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದ ಕಾಲ. ಅವರ ಊರು ಕನಕಗಿರಿ ಕಡೆಯ ಹಳ್ಳಿ. "ಅಪ್ಪಗ ಆರಾಮಿಲ್ಲ, ಲಗೂ ಬಾ" ಎಂದು ಯಾರೋ ಹೇಳಿಕಳಿಸಿದರು. ನಮ್ಮ ಕಡೆ ಪದ್ಧತಿ ಗೊತ್ತಲ್ಲ, ದೂರದಲ್ಲಿದ್ದವರಿಗೆ ಸಾವಿನ ಸುದ್ದಿಯನ್ನು ನೇರ ಹೇಳುವುದಿಲ್ಲ, ಆರಾಮಿಲ್ಲ ಅನ್ನುತ್ತಾರೆ. ದಾರಿಯಲ್ಲಿ ಎದೆ ಒಡೆಯಬಾರದು, ಊರು ಮುಟ್ಟಲಿ ಎಂದು. ಇವರು ಎಳೆಯರು, ತಿಳಿಯಲಿಲ್ಲ. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅಪ್ಪನಿಗೆಂದು ಮೋಸಂಬಿ ಕೊಂಡರು. ಊರ ಕಡೆಯ ಬಸ್ಸಿನಲ್ಲಿ ಪರಿಚಯದ ಕಂಡಕ್ಟರ್ ಟಿಕೆಟ್ ಹರಿಯಲಿಲ್ಲ, "ಇರ್ಲಿ ಕೂಡ್ರಪಾ" ಎಂದ. ಮುಂದಿನ ಸೀಟಿನ ಹೆಂಗಸು ತಿರುಗಿ ತಿರುಗಿ ನೋಡಿದಳು. ಬಸ್ಸಿನಲ್ಲಿದ್ದ ಊರವರಿಗೆಲ್ಲ ಗೊತ್ತಿತ್ತು.

"ನಾನು ಅವರ ಕೂಡ ನಕ್ಕೋತ ಮಾತಾಡ್ಕೋತ ಹ್ವಾದೆ. ಮೋಸಂಬಿ ಚೀಲ ಹಿಡಕೊಂಡು ಓಣಿ ತಿರುಗಿದ್ರ, ಮನಿ ಮುಂದ ಮಂದಿ. ಎಲ್ಲಾರೂ ನನ್ನ ಮುಖಾನ ನೋಡಾಕತ್ತಿದ್ರು. ಅವತ್ತಿಂದ, ಎಲ್ಲಾರಿಗಿಂತ ಕಡೀಗೆ ತಿಳ್ಕೊಳ್ಳೂದು ನನ್ನ ಕಡೆ ಆಗಂಗಿಲ್ರಿ. ಯಾವುದೂ ಆಗಂಗಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಕರಗುತ್ತಿದ್ದರೇನೋ. ನಾನು ಕರಗಲಿಲ್ಲ, ಇನ್ನೂ ಕುದ್ದೆ. "ಅಂದ್ರ ಅವರು ನಿಮಗ ಮಾಡಿದ್ದನ್ನ ನೀವು ನಮಗ ವಾರ ವಾರ ಮಾಡಿದ್ರಲ್ಲ ಸರ್. ನಮ್ಮನ್ನ ಬಸ್ಸಿನಾಗ ಕುಂದ್ರಿಸಿ ನೀವು ಮುಖ ನೋಡ್ಕೋತ ಕುಂತ್ರಿ."

ಅವರು ಗೇಟಿನ ಚಿಲಕ ಬಿಟ್ಟರು. ಆಮೇಲೆ, "ನಿಮ್ಮ ಮುಖದಾಗ ಗೋಲು ಭಾಳ ಛಲೋ ಕಾಣತಿತ್ರಿ" ಎಂದರು, ಅಷ್ಟೇ. ನಾನು ಗೇಟು ಎಳೆದುಕೊಂಡು ಬಂದೆ.

ಗುಂಪು ಅಲ್ಲಿಗೆ ಮುರಿಯಿತು. ಸ್ಟಾಫ್ ರೂಮಿನಲ್ಲಿ ಎದುರಾದರೆ ನಾನು ಪಾಠದ ಪುಸ್ತಕ ತೆರೆಯುತ್ತಿದ್ದೆ. "ಏನ್ರೀ ವಿಜ್ಞಾನಿಗಳ" ಎಂಬ ದನಿ ನಿಂತಿತು. ಆಮೇಲೆ ನನಗೆ ಯಲಬುರ್ಗಾ ತಾಲೂಕಿನ ಸಾಲೆಗೆ ವರ್ಗವಾಯಿತು. ಬೀಳ್ಕೊಡುಗೆಯ ದಿನ ಸರ್ ರಜೆ ಹಾಕಿದ್ದರು, ಹುಬ್ಬಳ್ಳಿಗೆ ಹೋಗಿದ್ದಾರೆ ಎಂದರು. ಮುಖ ತಪ್ಪಿಸಲೆಂದೇ ಹೋಗಿದ್ದಾರೆ ಎಂದುಕೊಂಡು ನಾನು ಹಾರ ಹಾಕಿಸಿಕೊಂಡು ಬಂದೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಅವರ ಫೋನ್ ಬಂತು. ದನಿ ತೆಳ್ಳಗಿತ್ತು, ಥಂಡಿ ಇರಬೇಕು ಅಂದುಕೊಂಡೆ. ನಮ್ಮವರು ಆಗ ಎರಡು ಆಟ ಗೆದ್ದು ಒಂಚೂರು ಮೇಲೆ ಬಂದಿದ್ದರು. ಅದನ್ನೇ ಮಾತಾಡಿದೆವು. ಹೊಸ ಹುಡುಗ ಬೇರು ಹಿಡಿಯುತ್ತಿದ್ದಾನೆ, ಸಾವುಕಾರರ ಮಾತೇ ಖರೆ ಆಯಿತು ಎಂದರು. ಕೊನೆಗೆ, "ಮುಂದಿನ ಶನಿವಾರ ಬರ್ರಿ. ರೆಕಾರ್ಡ್ ಬ್ಯಾಡ. ಆಟ ನಡದಾಗನ ನೋಡೂಣು, ಇಬ್ಬರೂ ಕೂಡಿ. ಮಿರ್ಚಿ ಮಾಡಸ್ತೀನಿ" ಎಂದರು.

"ಮಿರ್ಚಿ ಅಂದ್ರ ಗೆದ್ದಾರೇನ್ರಿ ಆಗಲೇ?" ಎಂದು ಕುಟುಕಿದೆ.

ಅವರು ನಕ್ಕರು. ಕೈ ಅಡ್ಡ ಹಿಡಿದು ನಕ್ಕದ್ದು ಫೋನಿನಲ್ಲೂ ತಿಳಿಯಿತು. "ಇನ್ನೂ ಆಡೇ ಇಲ್ಲ ಮಾರಾಯ್ರ. ಈ ಸಲ ನನಗೂ ಗೊತ್ತಿಲ್ಲ."

ನೋಡೋಣ ಸರ್ ಎಂದೆ. ಆ ಶನಿವಾರ ಸಾಲೆಯಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನ ಇತ್ತು, ಆಗಲಿಲ್ಲ. ಅದರ ಮುಂದಿನ ಶನಿವಾರ ಹೋದರಾಯಿತು ಎಂದುಕೊಂಡೆ. ಸೀಸನ್ನು ಇನ್ನೂ ಉದ್ದ ಇತ್ತಲ್ಲ.

ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಸಾವುಕಾರರ ಫೋನ್. "ಸರ್‌ಗ ಭಾಳ ಆರಾಮಿಲ್ರಿ. ಲಗೂ ಬರ್ರಿ."

ನಾನು, "ಖರ್ರೇ ಹೇಳ್ರಿ ಸಾವುಕಾರ್ರ" ಎಂದೆ.

"ನೀವು ಮೊದ್ಲ ಬರ್ರಿ" ಎಂದು ಇಟ್ಟುಬಿಟ್ಟರು.

ಯಾರಿಗೆ ತಿಳಿಯುವುದಿಲ್ಲ? ನಮ್ಮ ಹಳೇ ಸಾಲೆಯ ವಾಟ್ಸಾಪ್ ಗುಂಪು ತೆರೆದರೆ ಸಾಕಿತ್ತು, ಫೋಟೋ ಹಾಕಿ ಕೈಮುಗಿದಿರುತ್ತಾರೆ. ಬಸ್ ಹತ್ತಿ ಕೂತಾಗ ಫೋನು ಜೇಬಿನಲ್ಲಿ ಮತ್ತೆ ಮತ್ತೆ ನಡುಗುತ್ತಿತ್ತು. ತೆಗೆದು ನೋಡಲಿಲ್ಲ, ಬಂದ್ ಮಾಡಿ ಚೀಲದ ತಳಕ್ಕೆ ಹಾಕಿದೆ. ಕೊಪ್ಪಳದಲ್ಲಿ ಬಸ್ ಬದಲಿಸುವಾಗ ಹಣ್ಣಿನ ಗಾಡಿ ಕಂಡಿತು. ಮೋಸಂಬಿ ತೂಗಿಸಿಕೊಂಡೆ. ಗಾಡಿಯವನು, "ಪೇಷಂಟಿಗೇನ್ರಿ?" ಎಂದ. "ಹೌದ್ರಿ, ಆರಾಮಿಲ್ಲ ಅವ್ರಿಗೆ" ಎಂದೆ. ಗಂಗಾವತಿಯವರೆಗೂ ಆ ಚೀಲ ತೊಡೆಯ ಮೇಲೆ ಇತ್ತು. ಅಲ್ಲಿಯವರೆಗೂ ಅವರಿಗೆ ಬರೀ ಆರಾಮಿಲ್ಲ, ಅಷ್ಟೇ.

ಓಣಿ ತಿರುಗಿದೆ. ಮನೆಯ ಮುಂದೆ ಜನ. ಎಲ್ಲರೂ ನನ್ನ ಮುಖ ನೋಡಿದರು.

ಕಂಡಕ್ಟರ್ ಬಂದು ಹೆಗಲು ಹಿಡಿದುಕೊಂಡ. ವೈನಿ ಒಳಗಿನಿಂದ ನನ್ನ ಕೈಯ ಚೀಲ ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು. "ಮೋಸಂಬಿ ತಂದೀರಿ... ನಿಮಗ ಯಾರೂ ಹೇಳಲಿಲ್ಲೇನ್ರಿ?"

"ಫೋನ್ ನೋಡಿದ್ದಿಲ್ರಿ ವೈನಿ."

ಅವರು ಚೀಲ ತೆಗೆದುಕೊಂಡು ಪಕ್ಕಕ್ಕಿಟ್ಟರು. "ಇವ್ರಿಗೆ ದಸರಾಕ್ಕ ಗೊತ್ತಾಗಿತ್ರಿ. ಹುಬ್ಬಳ್ಳಿ ಡಾಕ್ಟರ್ ಎಲ್ಲಾ ಬಿಚ್ಚಿ ಹೇಳಿದ್ರು. ಯಾರಿಗೂ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಮಾಡಿಸ್ಕೊಂಡ್ರು. ನಿಮಗಂತೂ ಹೇಳಲೇಬ್ಯಾಡ ಅಂದಿದ್ರು."

ದಸರೆಗೆ! ದೀಪಾವಳಿ ಆದ ಮೇಲೆ ಫೋನ್ ಮಾಡಿದಾಗ, ಈ ಸಲ ನನಗೂ ಗೊತ್ತಿಲ್ಲ ಎಂದು ನಕ್ಕಾಗ, ಎಲ್ಲ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಪ್ರದರ್ಶನಕ್ಕೆ ಬೆಂಕಿ ಬೀಳಲಿ ಎಂದು ಓಡಿ ಬರುತ್ತಿರಲಿಲ್ಲವೇ ನಾನು? ಮತ್ತೊಮ್ಮೆ ನನ್ನನ್ನು ಬಸ್ಸಿನಲ್ಲಿ ಕೂರಿಸಿದರು. ಸೀಟಿ ಊದುವ ತನಕ ಕೂಡ್ರಿ ಎಂದವರು ತಾವೇ ನಡುವೆ ಎದ್ದು ಹೋದರು. ಅವರೆದುರು ನಿಂತು ಗಟ್ಟಿಯಾಗಿ ಜಗಳ ತೆಗೆಯಬೇಕೆಂದು ಪಡಸಾಲೆಯೊಳಗೆ ಹೋದೆ.

ನಮ್ಮ ಕಡೆಯ ಪದ್ಧತಿಯಂತೆ ಅವರನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ಮೈಗೆ ತೋಳು ಮಡಚಿದ ಬಿಳಿ ಅಂಗಿ. ಟೀವಿಯ ಪಕ್ಕದ ಅದೇ ಗೋಡೆಗೆ ಬೆನ್ನು ಕೊಟ್ಟು, ಬಂದವರ ಕಡೆ ಮುಖ ಮಾಡಿ. ನಾನು ಅವರ ಎದುರು ಚಾಪೆಯ ಮೇಲೆ, ನನ್ನ ಹಳೇ ಜಾಗದಲ್ಲೇ ಕೂತು ಅತ್ತೆ. ಒಂದೊಂದು ಗೋಲಿಗೂ ನನ್ನ ಮುಖವನ್ನೇ ನೋಡುತ್ತಿದ್ದವರು, ಅವತ್ತು ಕಣ್ಣು ಮುಚ್ಚಿಕೊಂಡಿದ್ದರು.